ಒಳಗಿನ ಗಂಟೆ ಹೊಡೆದಾಗ

ಬೆಳಿಗ್ಗೆ ತುಂಬಿಸಿಕೊಂಡು ಹೊರಟ ನೀರಿನ ಬಾಟಲಿ ಸಂಜೆ ಮನೆಗೆ ಬಂದಾಗಲೂ ಮುಕ್ಕಾಲು ತುಂಬಿಯೇ ಇರುತ್ತಿತ್ತು. ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಬಣ್ಣದ ಸೀಮೆಸುಣ್ಣದಲ್ಲಿ ಮೂತ್ರಪಿಂಡದ ಚಿತ್ರ ಬಿಡಿಸಿ, ಭಾಗಗಳ ಹೆಸರು ಬರೆಸಿ, ಪರೀಕ್ಷೆಗೆ ಇದು ಬಂದೇ ಬರುತ್ತದೆ ಎಂದು ಹೇಳಿ, ಅದೇ ದಿನ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ಒಮ್ಮೆಯೂ ಒಂದಕ್ಕೆ ಹೋಗದೆ ಮನೆ ಸೇರಿದ ದಿನಗಳಿಗೆ ಲೆಕ್ಕವಿಲ್ಲ. ಶಿಕ್ಷಕಿಯರಿಗೆಂದು ಬೇರೆ ಶೌಚಾಲಯ ಇರಲಿಲ್ಲ. ಹುಡುಗಿಯರದಕ್ಕೆ ಚಿಲಕ ಇರಲಿಲ್ಲ. ಹೋಗಲೇಬೇಕೆಂದರೆ ಇನ್ನೊಬ್ಬ ಮೇಡಂ ಹೊರಗೆ ಕಾವಲು ನಿಲ್ಲಬೇಕು, ಅವರ ಕ್ಲಾಸು ಗದ್ದಲವಾಗಬೇಕು, ಹೆಡ್‌ಮಾಸ್ಟರು ತಲೆಯೆತ್ತಿ ನೋಡಬೇಕು. ಇಷ್ಟೆಲ್ಲ ರಗಳೆಗಿಂತ ನೀರು ಕುಡಿಯದೆ ಇರುವುದೇ ಸುಲಭ ಅನ್ನಿಸಿಬಿಟ್ಟಿತ್ತು.

ಮೂವತ್ತೆಂಟನೇ ವಯಸ್ಸಿನಲ್ಲಿ ಒಂದೇ ವರ್ಷದಲ್ಲಿ ಮೂರು ಸಲ ಉರಿಮೂತ್ರ. ಮೂರನೆಯ ಸಲ ಚಳಿಜ್ವರ, ಬೆನ್ನಿನ ಒಂದು ಪಕ್ಕ ಕೊಡಲಿಯಲ್ಲಿ ಕಡಿದಂಥ ನೋವು. ಸೋಂಕು ಮೂತ್ರಪಿಂಡದವರೆಗೆ ಏರಿತ್ತು. ಆಗ ನನ್ನನ್ನು ನೋಡಿದ ವೈದ್ಯೆ ಮಾತ್ರೆ ಬರೆಯುವ ಮೊದಲು, ಅಲ್ಲಿಯವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಕೇಳಿದರು: “ದಿನಕ್ಕೆ ಎಷ್ಟು ಸಲ ಹೋಗ್ತೀರಿ ಮೇಡಂ?” ಬೆರಳು ಮಡಚಿ ಎಣಿಸಿದೆ. ಮೂರು. ಒಂದು ಹಾಳೆಯಲ್ಲಿ ಗೆರೆ ಎಳೆದುಕೊಟ್ಟು, ಮೂರು ದಿನ ಕುಡಿದದ್ದೆಷ್ಟು, ಹೊರಗೆ ಹೋದದ್ದೆಷ್ಟು, ಯಾವ ಹೊತ್ತಿಗೆ ಎಂದು ಬರೆದುಕೊಂಡು ಬನ್ನಿ ಎಂದರು. ಹಳೆಯ ಪ್ಲಾಸ್ಟಿಕ್ ಲೋಟವೊಂದಕ್ಕೆ ಅಳತೆಯ ಗುರುತು ಹಾಕಿಕೊಂಡು ಬರೆದೆ. ಆ ಹಾಳೆ ನೋಡಿದಾಗ ನನಗೇ ದಿಗಿಲಾಯಿತು. ಕಾಫಿ ಬಿಟ್ಟರೆ ಹಗಲಿಡೀ ಅರ್ಧ ಲೀಟರ್ ನೀರೂ ಒಳಗೆ ಹೋಗಿರಲಿಲ್ಲ. ಇಷ್ಟು ಸಾದಾ ಲೆಕ್ಕವನ್ನು ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಮೂರು ದಿನ ಬರೆದು ನೋಡಬೇಕು ಎಂದು ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸಿ, ಬಹುಪಾಲನ್ನು ರಕ್ತಕ್ಕೇ ಮರಳಿಸಿ, ಒಂದರಿಂದ ಎರಡು ಲೀಟರಿನಷ್ಟನ್ನು ಮಾತ್ರ ಕೆಳಗೆ ಇಳಿಸುತ್ತವೆ. ಅದನ್ನು ಹಿಡಿದಿಟ್ಟುಕೊಳ್ಳುವ ಮೂತ್ರಕೋಶ ಒಂದು ಸ್ನಾಯುವಿನ ಚೀಲ. 150ರಿಂದ 200 ಮಿಲಿಲೀಟರ್ ತುಂಬಿದಾಗ ಅದು ಮೊದಲ ಸುಳಿವು ಕೊಡುತ್ತದೆ. 300 ದಾಟಿದಾಗ ಎದ್ದು ಹೋಗೋಣ ಅನ್ನಿಸುತ್ತದೆ. 500ರ ಹತ್ತಿರ ಬಂದರೆ ಬೇರೆ ಯಾವ ಯೋಚನೆಯೂ ತಲೆಯಲ್ಲಿ ನಿಲ್ಲುವುದಿಲ್ಲ. ಹಗಲು ಆರೇಳು ಸಲ, ರಾತ್ರಿ ಒಮ್ಮೆ ಅಥವಾ ಅದೂ ಇಲ್ಲದೆ ಹೋಗುವುದು ದೊಡ್ಡವರಿಗೆ ಸಹಜ. ಅಪರೂಪಕ್ಕೊಮ್ಮೆ ಬಸ್ಸಿನಲ್ಲೋ ಮದುವೆಮನೆಯಲ್ಲೋ ತಡೆದುಕೊಂಡರೆ ಏನೂ ಕೆಡುವುದಿಲ್ಲ. ಕೆಡಿಸುವುದು ದಿನದಿನದ ರೂಢಿ. ವರ್ಷಗಟ್ಟಲೆ ಮಿತಿಮೀರಿ ಹಿಗ್ಗಿದ ಚೀಲಕ್ಕೆ ಕ್ರಮೇಣ ಕರೆಯುವ ದನಿಯೂ ಕುಗ್ಗುತ್ತದೆ, ಪೂರ್ತಿ ಖಾಲಿಯಾಗುವ ಬಲವೂ ಕುಗ್ಗುತ್ತದೆ. ತಳದಲ್ಲಿ ಉಳಿದ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಹೆಂಗಸರ ಮೂತ್ರನಾಳ ಬರೀ ನಾಲ್ಕು ಸೆಂಟಿಮೀಟರಿನಷ್ಟು ಉದ್ದ, ಗಂಡಸರದ್ದು ಇಪ್ಪತ್ತರ ಆಸುಪಾಸು. ಕರುಳಿನ ಕ್ರಿಮಿಗಳಿಗೆ ನಮ್ಮಲ್ಲಿ ದಾರಿ ಹತ್ತಿರ. ತೊಳೆಯುವಾಗ ಮುಂದಿನಿಂದ ಹಿಂದಕ್ಕೆ ತೊಳೆಯಬೇಕು ಎನ್ನುವುದು ಅದಕ್ಕೇ. ಗಂಡಹೆಂಡಿರ ಕೂಟದ ನಂತರ ಒಮ್ಮೆ ಹೋಗಿಬರುವುದೂ ಒಳ್ಳೆಯದು. ಮದುವೆಯಾದ ಹೊಸತರಲ್ಲಿ ಪದೇಪದೇ ಉರಿಮೂತ್ರದಿಂದ ನರಳುವ ಹುಡುಗಿಯರಿಗೆ ಇದನ್ನು ಹೇಳುವವರೇ ಇರುವುದಿಲ್ಲ.

ವೈದ್ಯರ ನಡುವೆ ‘ಟೀಚರ್ಸ್ ಬ್ಲ್ಯಾಡರ್’, ‘ನರ್ಸಸ್ ಬ್ಲ್ಯಾಡರ್’ ಎಂಬ ಆಡುಮಾತುಗಳೇ ಇವೆ. ನಮ್ಮ ಮಾತೂ ಈ ವಿಷಯದಲ್ಲಿ ಮೂಕವೇನಲ್ಲ. ಹಳೇ ಮೈಸೂರಿನ ಹಿರಿಯರು ಕಾಲುಮಡಿ ಎನ್ನುತ್ತಿದ್ದರು, ಕುಕ್ಕರುಗಾಲಿನಲ್ಲಿ ಕೂರುವ ಭಂಗಿಯೇ ಆ ಪದದಲ್ಲಿದೆ. ಉತ್ತರ ಕರ್ನಾಟಕದ ಮಕ್ಕಳು ಏಕಿ ಎನ್ನುತ್ತಾರೆ. ಸಭ್ಯರ ನಡುವೆ ಜಲಬಾಧೆ. ಬಾಧೆ ಎಂಬ ಮಾತು ನನ್ನನ್ನು ಬಹಳ ಕಾಡಿದೆ. ದೇಹದ ಕರೆಯನ್ನು ಯಾವಾಗ ನಾವು ಬಾಧೆ ಎಂದು ಎಣಿಸತೊಡಗಿದೆವೋ! ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯಕ್ಕೆ ‘ನವೇಗಾನ್ಧಾರಣೀಯ’ ಎಂದೇ ಹೆಸರು, ವೇಗಗಳನ್ನು ತಡೆಯಬಾರದು ಎಂದರ್ಥ. ಹದಿಮೂರು ವೇಗಗಳನ್ನು ಅಲ್ಲಿ ಹೇಳಿದೆ. ಮೊದಲನೆಯದು ಮೂತ್ರ, ಎರಡನೆಯದು ಮಲ. ತಡೆಯಬೇಕಾದ್ದೂ ಕೆಲವು ಇವೆ ಎಂದು ಅದೇ ಅಧ್ಯಾಯ ಮುಂದೆ ಹೇಳುತ್ತದೆ: ಲೋಭ, ಕ್ರೋಧ, ಭಯ. ನಾನು ತಡೆದದ್ದು ಮೊದಲ ಪಟ್ಟಿಯದ್ದನ್ನು.

ನೀರಿನ ವಿಷಯಕ್ಕೆ ಬಂದರೆ, 2018ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನ್ನ ಹಾಳೆಯ ಲೆಕ್ಕವನ್ನೇ ದೊಡ್ಡದಾಗಿ ತೋರಿಸುತ್ತದೆ. ಪದೇಪದೇ ಮೂತ್ರದ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಹೆಂಗಸರನ್ನು ಬಲ್ಗೇರಿಯಾದಲ್ಲಿ ಎರಡು ಗುಂಪು ಮಾಡಿದರು. ಒಂದು ಗುಂಪು ಎಂದಿನಂತೆಯೇ ಇತ್ತು, ಇನ್ನೊಂದು ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಿಗೆ ಕುಡಿಯಿತು. ವರ್ಷದ ಕೊನೆಗೆ ಎರಡನೆಯ ಗುಂಪಿನವರಿಗೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹಾಗೆಂದು ಎಲ್ಲರೂ ಲೀಟರುಗಟ್ಟಲೆ ಕುಡಿಯಬೇಕಿಲ್ಲ. ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು ವೈದ್ಯರು ಹೇಳಿದ ಅಳತೆಗೇ ನಿಲ್ಲಬೇಕು. ಉಳಿದವರಿಗೆ ಅಳತೆಗೋಲು ಮೂತ್ರದ ಬಣ್ಣ. ನಿಂಬೆಹಣ್ಣಿನ ಶರಬತ್ತಿನಂಥ ತಿಳಿಹಳದಿ ಇದ್ದರೆ ಸಾಕು. ಕಡುಹಳದಿಯಾದರೆ ನೀರು ಸಾಲದು. ಬಿ ಕಾಂಪ್ಲೆಕ್ಸ್ ಮಾತ್ರೆ ನುಂಗಿದ ದಿನ ಅರಿಸಿನದಂತೆ ಹೊಳೆದರೆ ಹೆದರಬೇಕಿಲ್ಲ. ಕಾಫಿ, ಟೀ ಮೂತ್ರಕೋಶವನ್ನು ಕೆಣಕುತ್ತವೆ. ಅವಸರ ಹೆಚ್ಚಿರುವವರು ಸಂಜೆಯದ್ದನ್ನಾದರೂ ಬಿಟ್ಟು ನೋಡಬೇಕು.

ತಡೆದುಕೊಳ್ಳುವುದಕ್ಕೆ ತಿರುವುಮುರುವಾದ ಅಭ್ಯಾಸವೂ ಒಂದಿದೆ. ಮನೆ ಬಿಡುವ ಮುಂಚೆ, ಬಸ್ ಹತ್ತುವ ಮುಂಚೆ, ಅಂಗಡಿಗೆ ಹೊರಡುವ ಮುಂಚೆ, ಬೇಕಿರಲಿ ಬಿಡಲಿ, ‘ಯಾವುದಕ್ಕೂ ಇರಲಿ’ ಎಂದು ಹೋಗಿಬರುವುದು. ನನ್ನ ತಂಗಿಗೆ ಇದೇ ಚಟವಾಗಿತ್ತು. ಅರ್ಧವೂ ತುಂಬದ ಚೀಲವನ್ನು ಮತ್ತೆಮತ್ತೆ ಖಾಲಿ ಮಾಡಿದರೆ ಅದು ಅಷ್ಟಕ್ಕೇ ಕೂಗುವುದನ್ನು ಕಲಿಯುತ್ತದೆ. ಕೊನೆಗೆ ಅವಳು ಅರ್ಧ ಗಂಟೆ ಸಿನಿಮಾ ನೋಡುವ ಹಾಗಿರಲಿಲ್ಲ. ಕಲಿತದ್ದನ್ನು ಮರೆಸಲೂಬಹುದು. ಕರೆ ಬಂದಾಗ ಓಡದೆ ಕೂತು ಉಸಿರು ನಿಧಾನಿಸಿ, ಮೊದಲ ವಾರ ಕಾಲು ಗಂಟೆ ಮುಂದೂಡಿ, ಮರುವಾರ ಇನ್ನೂ ಕಾಲು ಗಂಟೆ. ಎರಡು ತಿಂಗಳಲ್ಲಿ ಅವಳು ಮೂರು ಗಂಟೆಯ ಅಂತರಕ್ಕೆ ಬಂದಳು. ಉರಿ ಅಥವಾ ಜ್ವರ ಇದ್ದಾಗ ಈ ಅಭ್ಯಾಸ ಬೇಡ. ಮೊದಲು ಪರೀಕ್ಷೆ ಮಾಡಿಸಬೇಕು.

ಮಕ್ಕಳ ಮಾತು ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರ. ಎಂಟನೇ ತರಗತಿಯ ಒಬ್ಬ ಹುಡುಗಿ ಮಧ್ಯಾಹ್ನದ ಊಟಕ್ಕೆ ಸಾರು ಹಾಕಿಸಿಕೊಳ್ಳುತ್ತಿರಲಿಲ್ಲ, ಬರೀ ಅನ್ನ ತಿನ್ನುತ್ತಿದ್ದಳು. ಯಾಕೆಂದು ಕೇಳಿದರೆ, ಸಾರಿನಲ್ಲೂ ನೀರಿದೆಯಲ್ಲ ಮಿಸ್ ಅಂದಳು. ಕೇರಳದ ಶಾಲೆಗಳು 2019ರಲ್ಲಿ ‘ವಾಟರ್ ಬೆಲ್’ ಶುರುಮಾಡಿದವು. ದಿನದಲ್ಲಿ ಕೆಲವು ಸಲ ಗಂಟೆ ಹೊಡೆದು ಮಕ್ಕಳಿಗೆ ನೀರು ಕುಡಿಸುವ ಕ್ರಮ. ಕರ್ನಾಟಕವೂ ಅದನ್ನು ಅನುಸರಿಸಿತು. ನಮ್ಮಲ್ಲಿ ಗಂಟೆ ಹೊಡೆದಾಗ ಹುಡುಗರು ಗಟಗಟ ಕುಡಿದರು. ಹುಡುಗಿಯರು ತುಟಿ ಒದ್ದೆ ಮಾಡಿಕೊಂಡು ಮುಚ್ಚಳ ಹಾಕಿದರು. ಶಾಲಾಭಿವೃದ್ಧಿ ಸಮಿತಿಯ ತಾಯಂದಿರಿಬ್ಬರು ಬಂದು ಬಾಗಿಲಿಗೆ ಚಿಲಕ ಹಾಕಿಸಿ, ಒಳಗೆ ನೀರಿನ ಡ್ರಮ್ಮು, ಮಗ್ಗು ಇಡಿಸಿದ ಮೇಲೆಯೇ ಅವರ ಬಾಟಲಿಗಳು ಖಾಲಿಯಾಗತೊಡಗಿದ್ದು. ಹುಡುಗ ಹುಡುಗಿಯರಿಗೆ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿದೆ. ಕಾಯ್ದೆ ಕಟ್ಟಡದವರೆಗೆ ಬಂದಿದೆ, ಚಿಲಕದವರೆಗೆ ಬರಬೇಕು. ಇದು ಶಾಲೆಗಳ ಪಾಡಷ್ಟೇ ಅಲ್ಲ. ಕೇರಳದ ಕೋಳಿಕ್ಕೋಡಿನ ಮಿಠಾಯಿ ತೆರುವಿನ ಬಟ್ಟೆ ಅಂಗಡಿಗಳಲ್ಲಿ ದುಡಿಯುವ ಹೆಂಗಸರನ್ನು ಪಿ. ವಿಜಿ ಎಂಬ ಹೆಣ್ಣುಮಗಳು ಸಂಘಟಿಸಿದ್ದೂ ಶೌಚಾಲಯಕ್ಕಾಗಿಯೇ. ಆ ಹೋರಾಟ ಬೆಳೆದು, 2018ರಲ್ಲಿ ಕೇರಳದ ಅಂಗಡಿ ನೌಕರರಿಗೆ ಕೂರುವ ಹಕ್ಕನ್ನೂ ತಂದಿತು. ‘ಅಭ್ಯಾಸ ಬದಲಾಯಿಸಿಕೊಳ್ಳಿ’ ಎಂದು ಗಾರ್ಮೆಂಟ್ಸ್ ಹುಡುಗಿಗೋ ಪೌರಕಾರ್ಮಿಕಳಿಗೋ ಹೇಳುವ ಮೊದಲು ಅವಳಿಗೆ ಹೋಗಲು ಜಾಗವಿದೆಯೇ ಎಂದು ಕೇಳಬೇಕು.

ಮಕ್ಕಳು ಮೂತ್ರ, ಮಲ ಎರಡನ್ನೂ ತಡೆಯುತ್ತಾರೆ. ಶಾಲೆಯ ಕಕ್ಕಸು ಅಸಹ್ಯ ಎಂದೋ, ಒಮ್ಮೆ ಗಟ್ಟಿಯಾಗಿ ನೋವಾಯಿತೆಂದೋ ಮಗು ಬಿಗಿಹಿಡಿಯುತ್ತದೆ. ಮಲ ಗುದನಾಳಕ್ಕೆ ಬಂದಾಗ ಅದು ಹಿಗ್ಗಿ ಕರೆ ಹುಟ್ಟುತ್ತದೆ. ತಡೆದರೆ ಕರೆ ಅಡಗುತ್ತದೆ, ಆದರೆ ದೊಡ್ಡಕರುಳು ನೀರು ಹೀರುವುದನ್ನು ನಿಲ್ಲಿಸುವುದಿಲ್ಲ. ಕೂತಷ್ಟೂ ಒಣಗುತ್ತದೆ, ಒಣಗಿದಷ್ಟೂ ನೋಯುತ್ತದೆ, ನೋಯುತ್ತದೆಂದು ಮಗು ಇನ್ನೂ ತಡೆಯುತ್ತದೆ. ಕೊನೆಗೆ ಗಟ್ಟಿಮಲದ ಪಕ್ಕದಿಂದ ತೆಳ್ಳಗಿನದು ಜಿನುಗಿ ಚಡ್ಡಿ ಕೊಳೆಯಾಗುತ್ತದೆ. ಮನೆಯವರು ಅದನ್ನು ಭೇದಿ ಎಂದುಕೊಳ್ಳುತ್ತಾರೆ, ಅಥವಾ ಹೊಡೆಯುತ್ತಾರೆ. ತುಂಬಿದ ಕರುಳು ಮುಂದಿರುವ ಮೂತ್ರಕೋಶವನ್ನು ಒತ್ತುವುದರಿಂದ ರಾತ್ರಿ ಹಾಸಿಗೆ ಒದ್ದೆಯಾಗುವುದೂ ಉಂಟು. ದಯವಿಟ್ಟು ಇಂಥ ಮಗುವನ್ನು ಬೈಯಬೇಡಿ. ಡಾಕ್ಟರ ಬಳಿ ಹೊಟ್ಟೆ ಮುಟ್ಟಿಸಿ ನೋಡಿಸಿ.

ನಾನು ಚಿಕ್ಕವಳಿದ್ದಾಗ ನಮ್ಮವ್ವನ ಮನೆಯಲ್ಲಿ ಹೊಟ್ಟೆ ಕಟ್ಟಿದೆ ಎಂಬ ಮಾತು ಕೇಳಿದ ನೆನಪಿಲ್ಲ. ಹೊತ್ತು ಹುಟ್ಟುವ ಮುಂಚೆ ಎದ್ದು ಒಂದು ಚೊಂಬು ನೀರು ಕುಡಿದು, ಹಟ್ಟಿ ಬಾಚಿ, ಹಿತ್ತಲ ಕಡೆ ಹೋಗಿಬಂದೇ ಒಲೆ ಹಚ್ಚುತ್ತಿದ್ದಳು. ಎದ್ದ ಮೇಲೆ, ಏನಾದರೂ ಹೊಟ್ಟೆಗೆ ಬಿದ್ದ ಮೇಲೆ ದೊಡ್ಡಕರುಳಿನಲ್ಲಿ ಚಲನೆ ಏಳುತ್ತದೆ. ದಿನದಲ್ಲಿ ಅದು ಅತಿ ಬಲವಾಗಿರುವುದು ಬೆಳಗಿನ ಹೊತ್ತು. ನಾವು ಈಗ ಆ ಹೊತ್ತನ್ನೇ ಟಿಫನ್ ಡಬ್ಬಿ, ಕ್ಯಾಬು, ಸ್ಕೂಲ್ ವ್ಯಾನಿಗೆ ಕೊಟ್ಟುಬಿಟ್ಟಿದ್ದೇವೆ. ಹದಿನೈದು ನಿಮಿಷ ಮೊದಲೇ ಎದ್ದರೆ ತುಂಬಾ ಮನೆಗಳಲ್ಲಿ ಅರ್ಧ ಮದ್ದು ಅದೇ.

ಅವ್ವನ ಊಟವೂ ಹಾಗೇ ಇತ್ತು. ರಾತ್ರಿ ಮುದ್ದೆ, ಸೊಪ್ಪಿನ ಬಸ್ಸಾರು, ಹುರುಳಿಕಾಳು, ಅವರೆಕಾಲದಲ್ಲಿ ಅವರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2000 ಕ್ಯಾಲೊರಿ ಊಟಕ್ಕೆ 30 ಗ್ರಾಮಿನಷ್ಟು ನಾರು ಬೇಕೆನ್ನುತ್ತದೆ. ಇಡ್ಲಿ, ಚಿತ್ರಾನ್ನ, ಅನ್ನ ತಿಳಿಸಾರು, ಬಿಸ್ಕತ್ತುಗಳಲ್ಲಿ ಕಳೆದ ದಿನ ಅದರ ಅರ್ಧವೂ ಆಗುವುದಿಲ್ಲ. ಐರ್ಲೆಂಡಿನ ಶಸ್ತ್ರವೈದ್ಯ ಡೆನಿಸ್ ಬರ್ಕಿಟ್ ಉಗಾಂಡಾದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ಹಳ್ಳಿಯವರ ಕರುಳಿನ ಆರೋಗ್ಯವನ್ನು ಬ್ರಿಟನ್ನಿನವರದರೊಂದಿಗೆ ಹೋಲಿಸಿದ. ಜೊತೆಗಾರರೊಡನೆ 1972ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಉಗಾಂಡಾದ ಹಳ್ಳಿಯವರು ತಿಂದದ್ದು ಒಂದೂವರೆ ದಿನದಲ್ಲಿ ಹೊರಗೆ ಹೋಗುತ್ತಿತ್ತು, ಬ್ರಿಟಿಷ್ ನಾವಿಕರದ್ದು ಮೂರು ದಿನ ದಾಟುತ್ತಿತ್ತು. ಅವನ ತೀರ್ಮಾನಗಳಲ್ಲಿ ಕೆಲವನ್ನು ಮುಂದಿನವರು ತಿದ್ದಿದ್ದಾರೆ, ನಾರಿನ ಮಾತು ನಿಂತಿದೆ.

ಆದರೆ ನಾಳೆಯಿಂದಲೇ ಎರಡು ಹೊತ್ತೂ ಮುದ್ದೆ ಎಂದು ಹೊರಟರೆ ಹೊಟ್ಟೆ ಉಬ್ಬರಿಸುತ್ತದೆ. ಎರಡು ಮೂರು ವಾರದಲ್ಲಿ ಸ್ವಲ್ಪಸ್ವಲ್ಪವೇ ಏರಿಸಬೇಕು, ಜೊತೆಗೆ ನೀರೂ ಏರಬೇಕು. ಸೀಬೆಹಣ್ಣು, ಪಪ್ಪಾಯಿ, ನುಗ್ಗೆಸೊಪ್ಪು, ಸಿಪ್ಪೆಸಹಿತ ಕಾಳು ಸಾಕಷ್ಟಾಯಿತು. ಇಸಬ್‌ಗೋಲ್ ಬೇಕಾದರೆ ತಪ್ಪಿಲ್ಲ. ದೊಡ್ಡ ಲೋಟ ನೀರಿಲ್ಲದೆ ಅದನ್ನು ನುಂಗಬಾರದು, ಗಂಟಲಲ್ಲೇ ಉಬ್ಬೀತು. ಸೋನಾಮುಖಿಯ ಪುಡಿಗಳನ್ನು, ಹರಳೆಣ್ಣೆಯನ್ನು ದಿನದ ರೂಢಿ ಮಾಡಿಕೊಳ್ಳುವುದು ಒಳ್ಳೆಯದಲ್ಲ. ಇನ್ನು, ದಿನಕ್ಕೊಮ್ಮೆ ಆಗಲೇಬೇಕೆಂಬ ಹಟವೂ ಬೇಡ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ. ಎಷ್ಟು ಸಲ ಎನ್ನುವುದಕ್ಕಿಂತ ಹೇಗೆ ಎನ್ನುವುದು ಮುಖ್ಯ. ಬ್ರಿಸ್ಟಲ್ ನಗರದ ವೈದ್ಯರು 1997ರಲ್ಲಿ ಪ್ರಕಟಿಸಿದ ಏಳು ಚಿತ್ರಗಳ ಪಟ್ಟಿಯೊಂದು ಇಂದು ಜಗತ್ತಿನ ಆಸ್ಪತ್ರೆಗಳಲ್ಲಿದೆ. ಮೊದಲನೆಯದು ಆಡಿನ ಹಿಕ್ಕೆಯಂಥದ್ದು, ಏಳನೆಯದು ಬರೀ ನೀರು. ನಡುವಿನ ಮೂರು ನಾಲ್ಕು, ಅಂದರೆ ಬಾಳೆಹಣ್ಣಿನ ಹದದ್ದು, ಆರೋಗ್ಯದ್ದು.

ಕೂರುವ ಭಂಗಿಗೂ ಇದಕ್ಕೂ ನಂಟಿದೆ. ಗುದನಾಳದ ಬುಡಕ್ಕೆ ಒಂದು ಸ್ನಾಯು ಕುಣಿಕೆಯಂತೆ ಸುತ್ತಿ ಅದನ್ನು ಬಾಗಿಸಿ ಹಿಡಿದಿರುತ್ತದೆ. ನಿಂತಾಗ, ಕುರ್ಚಿಯಲ್ಲಿ ಕೂತಾಗ ಏನೂ ಜಾರದಿರುವುದು ಅದರಿಂದಲೇ. ಕುಕ್ಕರುಗಾಲಿನಲ್ಲಿ ಕೂತಾಗ ಆ ಕುಣಿಕೆ ಸಡಿಲಿ ದಾರಿ ನೆಟ್ಟಗಾಗುತ್ತದೆ. ಇಸ್ರೇಲಿನ ಡೋವ್ ಸಿಕಿರೋವ್ 28 ಜನರ ಮೇಲೆ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕುಕ್ಕರುಗಾಲಿನಲ್ಲಿ ಸರಾಸರಿ 51 ಸೆಕೆಂಡಿಗೆ ಆದದ್ದಕ್ಕೆ ಕಮೋಡಿನಲ್ಲಿ 130 ಸೆಕೆಂಡು ಬೇಕಾಯಿತು. ಮಂಡಿನೋವಿನವರಿಗೆ ಕಮೋಡು ದೊಡ್ಡ ಉಪಕಾರ, ಅದನ್ನು ಹಳಿಯಲಾರೆ. ಕಾಲ ಕೆಳಗೆ ಒಂದು ಗೇಣು ಎತ್ತರದ ಮಣೆ ಇಟ್ಟು, ಮಂಡಿ ಸೊಂಟಕ್ಕಿಂತ ಮೇಲೆ ಬರುವಂತೆ ಮಾಡಿ, ಮುಂದಕ್ಕೆ ಬಾಗಿ ಕೂತರೆ ಸಾಕು. ಬಸ್‌ಸ್ಟ್ಯಾಂಡಿನ ಕಮೋಡಿಗೆ ಅಸಹ್ಯಪಟ್ಟು ಮೇಲೆ ತೂಗಿಕೊಂಡಂತೆ ಅರ್ಧ ನಿಲ್ಲುವುದು ಮಾತ್ರ ಕೆಟ್ಟದ್ದು. ತೊಡೆ, ಸೊಂಟ ಬಿಗಿದಿರುವಾಗ ಮೂತ್ರಕೋಶ ಪೂರ್ತಿ ಖಾಲಿಯಾಗದು. ಇಂಡಿಯನ್ ಶೌಚಾಲಯ ಇದ್ದರೆ ಅದೇ ಮೇಲು. ಮೊಬೈಲು ಒಳಗೆ ಒಯ್ಯಬೇಡಿ. ಮುಕ್ಕಿರಿಯುತ್ತಾ ಇಪ್ಪತ್ತು ನಿಮಿಷ ಕೂತರೆ ಮೂಲವ್ಯಾಧಿಗೆ ದಾರಿ.

1993ರಲ್ಲಿ ನನ್ನ ಹೆರಿಗೆಯಾದಾಗ ಅವ್ವನೇ ಬಾಣಂತನ ಮಾಡಿದಳು. ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬಿಗಿಯಾಗಿ ಸೊಂಟಕ್ಕೆ ಸೀರೆ, ಮೆಣಸಿನ ಸಾರನ್ನ. ನೀರು ಮಾತ್ರ ಅಳೆದು ಕೊಡುತ್ತಿದ್ದಳು. ಬಾಣಂತಿ ನೀರು ಕುಡಿದರೆ ಮೈ ಊದುತ್ತದೆ, ಹೊಟ್ಟೆ ಜೋತುಬೀಳುತ್ತದೆ ಎಂಬ ನಂಬಿಕೆ. ಸೊಪ್ಪು, ಹಣ್ಣು ಎಲ್ಲ ಶೀತ. ಹೊಲಿಗೆ ಹಾಕಿದ ಜಾಗ, ಹೊಟ್ಟೆ ಕಟ್ಟಿ ಆರು ದಿನ. ಆ ನೋವನ್ನು ಇಲ್ಲಿ ಬರೆಯಲಾರೆ. ಅವ್ವನ ಪ್ರೀತಿಗೆ ಕೊರತೆಯಿರಲಿಲ್ಲ, ತಿಳಿವಳಿಕೆಯಲ್ಲಿ ಒಂದು ತುಂಡು ಬಿಟ್ಟುಹೋಗಿತ್ತು. ಎದೆಹಾಲು ಉಣಿಸುವವಳಿಗೆ ಎಂದಿಗಿಂತ ಹೆಚ್ಚು ನೀರು ಬೇಕು. ಮಗಳ ಬಾಣಂತನದಲ್ಲಿ ಎಣ್ಣೆನೀರು, ಸಾಂಬ್ರಾಣಿ ಎರಡನ್ನೂ ಇಟ್ಟುಕೊಂಡೆವು. ಮಗುವಿಗೆ ಹಾಲು ಕೊಡಲು ಕೂತಾಗಲೆಲ್ಲ ಒಂದು ಲೋಟ ಬೆಚ್ಚನೆಯ ನೀರು ಅವಳ ಪಕ್ಕಕ್ಕೆ ಬರುತ್ತಿತ್ತು. ತಂದಿಡುತ್ತಿದ್ದವಳು ಅವ್ವನೇ.

ಹೆರಿಗೆಯ ನಂತರದ ಇನ್ನೊಂದು ಸಂಗತಿಯನ್ನು ನಾನು ಹದಿನೈದು ವರ್ಷ ಯಾರಿಗೂ ಹೇಳಲಿಲ್ಲ. ಕೆಮ್ಮಿದರೆ, ಸೀನಿದರೆ, ಭಾರ ಎತ್ತಿದರೆ ಎರಡು ಹನಿ ಜಾರುತ್ತಿತ್ತು. ಶಾಲಾ ವಾರ್ಷಿಕೋತ್ಸವದ ದಿನ ಜೋರಾಗಿ ನಗಲೂ ಹೆದರುತ್ತಿದ್ದೆ. ಸೊಂಟದ ಬುಟ್ಟಿಯ ತಳದಲ್ಲಿ ಸ್ನಾಯುಗಳು ಜೋಲಿಯಂತೆ ಹಾಸಿಕೊಂಡು ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ಹೊತ್ತಿರುತ್ತವೆ. ಬಸಿರು, ಹೆರಿಗೆ, ದೀರ್ಘಕಾಲದ ಕೆಮ್ಮು, ಮುಕ್ಕಿರಿಯುವ ರೂಢಿ, ಅತಿಭಾರ ಆ ಜೋಲಿಯನ್ನು ಸಡಿಲಿಸುತ್ತವೆ. ಅಮೆರಿಕದ ಸ್ತ್ರೀರೋಗ ವೈದ್ಯ ಅರ್ನಾಲ್ಡ್ ಕೆಗೆಲ್ 1948ರಲ್ಲಿ ಇದಕ್ಕೆ ವ್ಯಾಯಾಮ ಹೇಳಿಕೊಟ್ಟ. ಗಾಳಿ ಹೋಗದಂತೆ ತಡೆಯುವಾಗ ಒಳಗೆ ಏನು ಬಿಗಿಯುತ್ತದೋ ಅದೇ ಸ್ನಾಯು. ಉಸಿರು ಕಟ್ಟದೆ, ಹೊಟ್ಟೆ ತೊಡೆ ಬಿಗಿಯದೆ, ಅದನ್ನಷ್ಟೇ ಮೇಲಕ್ಕೆಳೆದು ಐದು ಎಣಿಸುವಷ್ಟು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಬೇಕು. ಒಂದು ಸರದಿಗೆ ಹತ್ತು, ದಿನಕ್ಕೆ ಮೂರು ಸರದಿ. ಮೂತ್ರ ಮಾಡುತ್ತಿರುವಾಗ ಇದನ್ನು ಅಭ್ಯಾಸ ಮಾಡಬಾರದು. ಬಿಡುವುದೂ ಹಿಡಿದಷ್ಟೇ ಮುಖ್ಯ. ನನಗೆ ಫಲ ಕಾಣಲು ಮೂರು ತಿಂಗಳು ಹಿಡಿಯಿತು. ಸರಿಯಾದ ಸ್ನಾಯು ಗೊತ್ತಾಗದಿದ್ದರೆ ಫಿಸಿಯೋಥೆರಪಿಯವರು ತೋರಿಸಿಕೊಡುತ್ತಾರೆ. ವಯಸ್ಸಾಯಿತು, ಇದು ಹೀಗೇ ಎಂದು ಬಟ್ಟೆ ಇಟ್ಟುಕೊಂಡು ಬದುಕುವ ಅಗತ್ಯ ಎಷ್ಟೋ ಹೆಂಗಸರಿಗೆ ಇಲ್ಲ.

ವಯಸ್ಸಾದವರು ರಾತ್ರಿ ಏಳಬೇಕಾಗುತ್ತದೆಂದು ಹಗಲಿಡೀ ನೀರು ಬಿಡುತ್ತಾರೆ. ಅದರಿಂದ ಮಲಬದ್ಧತೆ, ತಲೆಸುತ್ತು, ಸೋಂಕು. ಹಗಲು ಚೆನ್ನಾಗಿ ಕುಡಿದು, ಮಲಗುವ ಎರಡು ಗಂಟೆ ಮೊದಲು ಕಡಿಮೆ ಮಾಡಿದರಾಯಿತು. ಕಾಲು ಊದುವವರು ಸಂಜೆ ಸ್ವಲ್ಪ ಹೊತ್ತು ಕಾಲು ಎತ್ತಿಟ್ಟುಕೊಂಡರೆ ಆ ನೀರು ಮಲಗುವ ಮುಂಚೆಯೇ ಹೋಗುತ್ತದೆ. ಹಾಸಿಗೆಯಿಂದ ಬಚ್ಚಲಿನವರೆಗೆ ಒಂದು ಮಂದ ದೀಪ ಇರಲಿ. ಐವತ್ತು ದಾಟಿದ ಗಂಡಸರಿಗೆ ಧಾರೆ ಸಣ್ಣದಾದರೆ ಪ್ರಾಸ್ಟೇಟ್, ಯಾರಿಗೇ ಆಗಲಿ ದಾಹ ಹೆಚ್ಚಿ ಪದೇಪದೇ ಹೋಗಬೇಕಾದರೆ ಸಕ್ಕರೆ, ಇವೆರಡನ್ನು ಪರೀಕ್ಷೆ ಮಾಡಿಸಬೇಕು.

ಅಪ್ಪನಿಗೆ ಎಪ್ಪತ್ತೊಂಬತ್ತಾಗಿದ್ದಾಗ ಒಂದು ದಿನ ಮೂತ್ರ ಕೆಂಪಗೆ ಹೋಯಿತಂತೆ. ಹಿಂದಿನ ದಿನ ಬೀಟ್‌ರೂಟ್ ಪಲ್ಯ ತಿಂದಿದ್ದರು, ಅದೇ ಇರಬೇಕೆಂದುಕೊಂಡರು. ಹದಿನೈದು ದಿನದ ಮೇಲೆ ಮತ್ತೆ ಬಂತು. ಆಗ ಬೀಟ್‌ರೂಟ್ ತಿಂದಿರಲಿಲ್ಲ. ಹೆಂಗಸರ ಮುಂದೆ ಇಂಥದ್ದನ್ನು ಹೇಳುವುದು ಹೇಗೆಂದು ನಾಲ್ಕು ತಿಂಗಳು ಸುಮ್ಮನಿದ್ದರು. ಹಬ್ಬಕ್ಕೆ ಹೋದಾಗ ಬಚ್ಚಲಿನ ಬಿಳಿ ಟೈಲ್ಸಿನ ಮೇಲೆ ನಾನೇ ಕಂಡೆ. “ನೋವಿರಲಿಲ್ವಲ್ಲ ಮಗಾ, ಏನಾಗುತ್ತೆ ಅಂದ್ಕೊಂಡೆ” ಅಂದರು. ನೋವಿಲ್ಲದೆ ಬರುವ ರಕ್ತವನ್ನೇ ವೈದ್ಯರು ಹೆಚ್ಚು ಅನುಮಾನಿಸುತ್ತಾರೆ. ನಲವತ್ತು ವರ್ಷ ಬೀಡಿ ಸೇದಿದವರು ಅಪ್ಪ, ಮೂತ್ರಕೋಶದ ಕ್ಯಾನ್ಸರಿಗೆ ಅತಿ ದೊಡ್ಡ ಕಾರಣ ಹೊಗೆಸೊಪ್ಪು. ಅವರಿಗಾಗಿದ್ದದ್ದೂ ಅದೇ. ಗಂಟು ಒಳಪದರದಲ್ಲೇ ಇತ್ತು, ಕೊಳವೆ ಹಾಕಿಯೇ ತೆಗೆದರು. ಈಗಲೂ ಕೆಲವು ತಿಂಗಳಿಗೊಮ್ಮೆ ಒಳಗೆ ನೋಡಿಸಬೇಕು.

ಮಲದಲ್ಲಿ ರಕ್ತ, ಕಬ್ಬಿಣದ ಮಾತ್ರೆ ತಿನ್ನದಿದ್ದರೂ ಟಾರಿನಂಥ ಕಪ್ಪು, ಕಾರಣವಿಲ್ಲದೆ ಇಳಿದ ತೂಕ, ವರ್ಷಗಳಿಂದ ಇದ್ದ ಕ್ರಮ ಮೂರು ವಾರ ಮೀರಿ ಬದಲಾಗುವುದು, ಮೂತ್ರ ಪೂರ್ತಿ ಕಟ್ಟಿಕೊಳ್ಳುವುದು, ಇವುಗಳಿಗೆ ಮನೆಮದ್ದು ಇಲ್ಲ. ಮೂಲವ್ಯಾಧಿ ಇರಬೇಕು ಬಿಡು ಎಂದುಕೊಳ್ಳುವುದೂ ಬೇಡ.

ಅಪ್ಪನಿಗೆ ಈಗ ಎಂಬತ್ತನಾಲ್ಕು. ದಿನಾ ಬೆಳಿಗ್ಗೆ ಏಳೂವರೆಗೆ ಫೋನ್ ಮಾಡುತ್ತಾರೆ. ಮಳೆ ಬಂತೋ ಇಲ್ಲವೋ, ತೆಂಗಿನಕಾಯಿ ರೇಟು ಎಷ್ಟಾಯಿತು, ಯಾರ ಮನೆಯಲ್ಲಿ ಹಸು ಕರು ಹಾಕಿತು, ಎಲ್ಲ ಹೇಳಿದ ಮೇಲೆ, ನಾನು ಕೇಳುವ ಮುಂಚೆಯೇ ದನಿ ತಗ್ಗಿಸದೆ ಹೇಳುತ್ತಾರೆ: “ರಾತ್ರಿ ಒಂದೇ ಸಲ ಎದ್ದಿದ್ದೆ. ಬಣ್ಣ ಚೆನ್ನಾಗೈತೆ, ತಿಳಿಯಾಗೈತೆ. ಎರಡಕ್ಕೂ ಸಲೀಸಾಗಿ ಆಯ್ತು. ನಿಂದೇನವ್ವ, ನೀರು ಕುಡಿದ್ಯಾ?”